ಬೆರಳಿಗೆ ಐದು ಅಂಕ

ದುರ್ಗವ್ವ ಹೊಡೆಯುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಗೊತ್ತಾಗಿ ಯಾರೂ ಹೌಹಾರಬಾರದು. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆ, ಹೆಸರು ಬೇಡ ಬಿಡಿ, ಅಲ್ಲಿನ ಪ್ರೆಸ್ ಶಾಪಿಗೆ ಹೊಸದಾಗಿ ಸೇರಿದವರನ್ನು ಮೊದಲ ಮೂರು ತಿಂಗಳು ಅವಳ ಕೈಗೇ ಒಪ್ಪಿಸುತ್ತಿದ್ದರು. ಅವಳ ಬಲಗೈಯಲ್ಲಿ ಸದಾ ಒಂದಡಿಯ ಸ್ಟೀಲ್ ಸ್ಕೇಲು. ತಗಡನ್ನು ಅಚ್ಚಿನ ಕೆಳಗಿಟ್ಟು, ಕೈ ಹಿಂದಕ್ಕೆಳೆದುಕೊಂಡು, ಆಮೇಲೆ ಕಾಲಿನಿಂದ ಪೆಡಲ್ ಒತ್ತಬೇಕು. ಐವತ್ತು ಟನ್ನಿನ ಪ್ರೆಸ್ಸು ಧಡ್ ಅಂತ ಇಳಿದು ತಗಡು ಕತ್ತರಿಸಿ ಮೇಲಕ್ಕೆ ಹೋಗುತ್ತದೆ. ಅಚ್ಚಿನ ಮುಂದೆ ಹಳದಿ ಬಣ್ಣದ ಒಂದು ಗೆರೆ. ಕಾಲು ಪೆಡಲಿನ ಮೇಲಿರುವಾಗ ಬೆರಳು ಆ ಗೆರೆ ದಾಟಿತೋ, ಗೆಣ್ಣಿನ ಮೇಲೆ ಸ್ಕೇಲು ಬಿತ್ತು ಅಂತಲೇ ಲೆಕ್ಕ. ಎರಡನೇ ಸಲ ದಾಟಿದರೆ ಕೆನ್ನೆಗೆ. ಮೂರನೇ ಸಲಕ್ಕೆ ಕೂದಲು ಹಿಡಿದು ಎಬ್ಬಿಸಿ, ಹೊರಗೆ ತಳ್ಳಿ, ನಾಳೆ ಬಾ ಹೋಗು ಅನ್ನುತ್ತಿದ್ದಳು. ಒಬ್ಬ ಹೆಂಗಸಿನ ಕೈಲಿ ಏಟು ತಿನ್ನಬೇಕಲ್ಲ ಅಂತ ಗಂಡಸರು ಒಳಗೊಳಗೇ ಕುದಿಯುತ್ತಿದ್ದರು. ಕುದೀಲಿ, ಕುದ್ದರೆ ಬೆರಳೇನೂ ಬೇಯುವುದಿಲ್ಲ ಅನ್ನುತ್ತಿದ್ದಳು ಅವಳು.

ಹುಟ್ಟಾ ಹೊಡಿಬಡಿಯ ಹೆಂಗಸಲ್ಲ ಅವಳು. ಕುಷ್ಟಗಿ ಕಡೆಯವಳು. ಎರಡು ಸಾವಿರದ ನಾಲ್ಕರಲ್ಲಿ ಗಂಡನ ಜೊತೆ ಹೆಗ್ಗನಹಳ್ಳಿಯ ಒಂದು ಬಾಡಿಗೆ ಕೋಣೆಗೆ ಬಂದಳು. ಗಂಡ ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡ. ಇವಳು ಕಣ್ಣೊರೆಸಿಕೊಂಡು ಪ್ರೆಸ್ ಶಾಪಿಗೆ ಸೇರಿದಳು. ಅವಳಿಗೆ ಕೆಲಸ ಕಲಿಸಿದವನು ಪಾಪಯ್ಯ ಅಂತ ಒಬ್ಬ ಹಿರಿಯ. ಎಂಥಾ ಒಳ್ಳೆ ಮನುಷ್ಯ ಅಂತೀರಿ! ದನಿ ಎತ್ತಿದವನಲ್ಲ. ಇವಳ ಬೆರಳು ಗೆರೆ ದಾಟಿದಾಗಲೆಲ್ಲ, ನೋಡ್ಕೊಂಡು ಮಾಡಮ್ಮ, ಅಂತ ಮೆಲ್ಲಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದ. ಎಪ್ಪತ್ತೆರಡನೇ ದಿನ ಅವಳ ಎಡಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಅಚ್ಚಿನ ಕೆಳಗೆ ಉಳಿದವು. ಪಾಪಯ್ಯ ಅವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಅವಳು ಅಳದಿದ್ದರೂ ತಾನು ಅಳುತ್ತಾ ಆಸ್ಪತ್ರೆಗೆ ಓಡಿದ. ಅವನ್ನು ಮತ್ತೆ ಜೋಡಿಸಲು ಆಗಲಿಲ್ಲ. ಹಾಸಿಗೆಯಲ್ಲಿ ಮಲಗಿ ದುರ್ಗವ್ವ ಯೋಚಿಸಿದ್ದು ಒಂದೇ: ಆ ಪುಣ್ಯಾತ್ಮ ಒಂದೇ ಒಂದು ಸಲ ಕಪಾಳಕ್ಕೆ ಬಾರಿಸಿದ್ದರೆ ತನ್ನ ಬೆರಳು ತನ್ನ ಕೈಯಲ್ಲೇ ಇರುತ್ತಿದ್ದವು. ಅವನ ಒಳ್ಳೆತನದ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ಕಡೆಗೂ ಇಳಿಯಲಿಲ್ಲ.

ಎರಡು ವರ್ಷ ಕಳೆದ ಮೇಲೆ ಹೊಸಬರಿಗೆ ಕಲಿಸುವ ಕೆಲಸ ಅವಳಿಗೆ ಬಂತು. ಸ್ಕೇಲು ಹಿಡಿದಳು. ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತು ಜನ ಅವಳ ಕೈಕೆಳಗೆ ಕಲಿತರು. ಅಕ್ಕಪಕ್ಕದ ಶೆಡ್ಡುಗಳಲ್ಲಿ ವರ್ಷಕ್ಕೆ ಎರಡು ಮೂರು ಬೆರಳು ಹೋಗುತ್ತಿದ್ದವು. ದುರ್ಗವ್ವನ ಹತ್ತೊಂಬತ್ತು ಜನರಲ್ಲಿ ಒಬ್ಬನ ಉಗುರೂ ಹೋಗಿರಲಿಲ್ಲ. ಅವಳಿಗೆ ಮಕ್ಕಳಿಲ್ಲ, ಹೊಲ ಇಲ್ಲ, ಮನೆ ಇಲ್ಲ. ನಿನಗೇನಿದೆ ಅಂತ ಯಾರಾದರೂ ಕೇಳಿದ್ದರೆ ಆ ಕೈಗಳನ್ನೇ ತೋರಿಸುತ್ತಿದ್ದಳೇನೋ.

ಹತ್ತೊಂಬತ್ತನೆಯವನು ಮುತ್ತು. ಯಲಬುರ್ಗಾ ಕಡೆಯ ಇಪ್ಪತ್ತನಾಲ್ಕು ವರ್ಷದ ಗಟ್ಟಿ ಆಳು, ಲಗ್ಗೆರೆಯಲ್ಲಿ ಕೋಣೆ. ಸೇರಿದ ಮೂರನೇ ದಿನ ಎರಡನೇ ಏಟು ಬಿದ್ದದ್ದೇ ತಡ, ಎದ್ದು ಅವಳ ಎರಡೂ ರಟ್ಟೆ ಹಿಡಿದು ಗೋಡೆಗೆ ಅದುಮಿದ. ಅವಳು ಅವನ ಮೊಣಕೈಗೆ ಬಾಯಿ ಹಾಕಿ ರಕ್ತ ಬರುವ ಹಾಗೆ ಕಚ್ಚಿದಳು. ಅವನು ಬಿಟ್ಟ. ಅವಳು ಬಾಯಿ ಒರೆಸಿಕೊಂಡು, ಕುಂದರು, ತಗಡು ಇಡು, ಅಂದಳು. ಅವನು ಕೂತ. ಅಲ್ಲಿಗೆ ಅವರಿಬ್ಬರ ಜಗಳವೂ ಮುಗಿಯಿತು, ನಂಟೂ ಬೆಳೆಯಿತು. ಮುಂದಿನ ವರ್ಷ ಮಹಾದೇವಿಯನ್ನು ಮದುವೆಯಾಗಿ ಕರೆತಂದಾಗ ಲಗ್ಗೆರೆಯ ಕೋಣೆಯ ಬಾಗಿಲಲ್ಲಿ ಆರತಿ ಎತ್ತಿದವಳು ದುರ್ಗವ್ವನೇ. ಮೊಣಕೈಯ ಹಲ್ಲಿನ ಗುರುತು ತೋರಿಸಿ, ಇದು ನಮ್ಮವ್ವ ಹಾಕಿದ ಸೀಲು ನೋಡು, ಅಂತ ಹೆಂಡತಿಯ ಮುಂದೆ ಮುತ್ತು ಜಂಬ ಕೊಚ್ಚಿಕೊಂಡ.

ಎರಡು ಸಾವಿರದ ಹದಿನೇಳರಲ್ಲಿ ಕಾರ್ಖಾನೆಯ ಮಾಲೀಕರು ಪ್ರೆಸ್ ಶಾಪ್ ಮುಚ್ಚಿ ಸಿಎನ್‌ಸಿ ಲೇತು ತರಿಸುವ ತೀರ್ಮಾನ ಮಾಡಿದರು. ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕಬ್ಬಿಣ ಕೊರೆಯುವ ಯಂತ್ರ. ನಾಲ್ಕು ಯಂತ್ರ, ನಾಲ್ಕು ಆಳು. ಉಳಿದವರು ಗುಡಿಸಬೇಕು, ಇಲ್ಲ ಗೇಟು ದಾಟಬೇಕು. ಯಾರು ಆ ನಾಲ್ವರು ಅನ್ನುವುದನ್ನು ಪರೀಕ್ಷೆ ಹೇಳುತ್ತದೆ ಅಂತ ಎಚ್‌ಆರ್‌ನ ಸಿದ್ಧಾರ್ಥ್ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ. ಒಳ್ಳೆ ಹುಡುಗ, ಬ್ರೂಕ್‌ಫೀಲ್ಡಿನಿಂದ ದಿನಾ ಅಷ್ಟು ದೂರ ಬರುವವನು. ಎಲ್ಲರ ಫೋನಿಗೂ ಒಂದು ಆಪ್ ಹಾಕಿಸಿದ. ಅದರಲ್ಲಿ ಪಾಠ ಇತ್ತು, ಲ್ಯಾಬ್ ಅನ್ನುವ ಬಣ್ಣದ ಯಂತ್ರ ಇತ್ತು, ಮೂವತ್ತು ಅಭ್ಯಾಸ ಪರೀಕ್ಷೆ ಇದ್ದವು. ಅಭ್ಯಾಸದಲ್ಲಿ ಎಂಬತ್ತು ದಾಟಿದವರಿಗೆ ಮಾತ್ರ ಕೊನೆಯ ಪರೀಕ್ಷೆ. ಆ ವರ್ಷ ಡೇಟಾ ಪುಕ್ಕಟೆ ಸಿಕ್ಕಿದ ಹಾಗೆ ಸಿಗುತ್ತಿತ್ತು. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮಾತೇ ಇಲ್ಲ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮುದ್ದೆ, ಎಲ್ಲರದ್ದೂ ತಲೆ ಬಗ್ಗಿದ್ದೇ.

ಆ ಲ್ಯಾಬಿನ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು. ಲೇತಿನಲ್ಲಿ ಕಬ್ಬಿಣದ ತುಂಡನ್ನು ಚಕ್ಕು ಅನ್ನುವ ಹಿಡಿಕೆ ಕಚ್ಚಿಕೊಂಡು ಗಿರಗಿರ ತಿರುಗುತ್ತದೆ, ಉಳಿ ಅದನ್ನು ಹೆರೆಯುತ್ತದೆ, ಹೆರೆದದ್ದು ಸುರುಳಿ ಸುರುಳಿಯಾಗಿ ಹೊರಗೆ ಬರುತ್ತದೆ. ಸುರುಳಿ ತುಂಡಿಗೆ ಸುತ್ತಿಕೊಂಡರೆ ಕೆಲಸ ಹಾಳು. ದೊಡ್ಡ ಕಂಪ್ಯೂಟರಿನಲ್ಲಿ ಆ ಲ್ಯಾಬ್ ನೋಡಿದರೆ ಯಂತ್ರದ ಮುಂದೆ ಬಾಗಿಲು ಕಾಣುತ್ತಿತ್ತಂತೆ. ಫೋನಿನ ಅಂಗೈಯಗಲದ ಪರದೆಯಲ್ಲಿ ಬಾಗಿಲು ಹಾಕಿದರೆ ಒಳಗಿನದು ಕಾಣುವುದಿಲ್ಲ ಅಂತ ಬಾಗಿಲನ್ನೇ ತೆಗೆದಿದ್ದರು. ಸುರುಳಿ ಬಂದ ಕೂಡಲೇ ಪರದೆಯ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸವರಬೇಕು. ಠಿಣ್ ಅಂತ ಸದ್ದಾಗಿ ಐದು ಅಂಕ ಬೀಳುತ್ತಿತ್ತು. ಕೆಂಪು ಬಟನ್ ಒತ್ತಿ ಯಂತ್ರ ನಿಲ್ಲಿಸಿಯೂ ತೆಗೆಯಬಹುದು, ಬೇಡ ಅಂತ ಯಾರೂ ಅಂದಿರಲಿಲ್ಲ. ಆದರೆ ಅಷ್ಟರೊಳಗೆ ಹೊತ್ತು ಮುಗಿದು ಅಂಕ ಕೈತಪ್ಪುತ್ತಿತ್ತು.

ದುರ್ಗವ್ವ ಪ್ರತಿ ಸಲವೂ ಕೆಂಪು ಬಟನ್ ಒತ್ತಿದಳು. ಸುರುಳಿ ಬಂತು, ನಿಲ್ಲಿಸಿದಳು, ಯಂತ್ರ ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಸವರಿದಳು. ನೂರಕ್ಕೆ ಮೂವತ್ತೊಂದು ಬಂತು. ಮತ್ತೆ ಮಾಡಿದಳು, ಇಪ್ಪತ್ತೆಂಟು. ಸಿದ್ಧಾರ್ಥ್ ಪಕ್ಕ ಕೂತು ಸಮಾಧಾನವಾಗಿಯೇ ಹೇಳಿಕೊಟ್ಟ, ಸ್ಪೀಡ್ ಸಾಲದು ಅಕ್ಕ, ನಿಲ್ಲಿಸಬೇಡಿ, ಹಾಗೇ ಸವರಿ ಅಂದ. ತಿರುಗುತ್ತಿರುವ ಚಕ್ಕಿನ ಮೇಲೆ ಬೆರಳಿಡಲು ಅವಳ ಕೈ ಬರಲೇ ಇಲ್ಲ. ಬರೀ ಗಾಜು ಅಂತ ಅವಳಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೈ ಒಪ್ಪಲಿಲ್ಲ ಅಷ್ಟೆ.

ಮುತ್ತುವಿಗೆ ಮೊದಲ ವಾರವೇ ಎಪ್ಪತ್ತು, ತಿಂಗಳಿಗೆ ತೊಂಬತ್ತಾರು. ದಿನಕ್ಕೆ ನಾಲ್ಕೈದು ಸಲ ಲ್ಯಾಬ್ ಮಾಡುತ್ತಿದ್ದ. ಬಸ್ಸಿನಲ್ಲಿ, ಕಕ್ಕಸಿನಲ್ಲಿ, ಮಹಾದೇವಿ ತಟ್ಟೆ ಮುಂದಿಟ್ಟರೆ ತಟ್ಟೆಯ ಪಕ್ಕದಲ್ಲಿ, ಎಲ್ಲೆಂದರಲ್ಲಿ ಅವನ ಬಲಗೈಯ ತೋರುಬೆರಳು ಸುಯ್ ಸುಯ್ ಅಂತ ಸವರುತ್ತಲೇ ಇತ್ತು. ಹೆಂಡತಿ ಬಸುರಿ. ಯಂತ್ರ ಸಿಕ್ಕಿದರೆ ಬದುಕು, ಇಲ್ಲದಿದ್ದರೆ ಮತ್ತೆ ಕಲ್ಲು ಮಣ್ಣು ಹೊರುವುದೇ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಶಿಫ್ಟು ಬಿಟ್ಟು ಜಾಲಹಳ್ಳಿ ಕ್ರಾಸಿನಲ್ಲಿ ನಲ್ಲಪ್ಪನ ಕಬ್ಬಿನ ಹಾಲಿನ ಗಾಡಿ ಹತ್ತಿರ ಇಬ್ಬರೂ ನಿಂತಿದ್ದರು. ಮೋಟಾರಿನ ಗಾಣ ತಿರುಗುತ್ತಿತ್ತು. ಎರಡು ಉರುಳೆಗಳ ನಡುವೆ ಕಬ್ಬಿನ ಸಿಪ್ಪೆಯ ಎಳೆಯೊಂದು ಸಿಕ್ಕಿಕೊಂಡು ಸುತ್ತತೊಡಗಿತು. ಮಾತಾಡುತ್ತಾ ನಿಂತಿದ್ದ ಮುತ್ತುವಿನ ತೋರುಬೆರಳು ತಾನಾಗಿ ಎದ್ದು ಅದರತ್ತ ಹೋಯಿತು. ನಲ್ಲಪ್ಪ ಬೆಚ್ಚಿ ಮೋಟಾರು ಆರಿಸುವ ಮೊದಲೇ ದುರ್ಗವ್ವ ಅವನ ಜುಟ್ಟು ಹಿಡಿದು ಹಿಂದಕ್ಕೆ ಜಗ್ಗಿದ್ದಳು. ಗ್ಲಾಸು ಒಡೆದು ಹಾಲು ಚೆಲ್ಲಿತು.

"ಎಲ್ಲಿಗೆ ಹೊಂಟಿತ್ತಲೇ ನಿನ್ನ ಬೆರಳು?"

"ಎಲ್ಲಿಗೂ ಇಲ್ಲಬೇ. ಸುಮ್ಮ ನಿಂತಿದ್ದೆ," ಅಂದ ಅವನು, ಜುಟ್ಟು ಬಿಡಿಸಿಕೊಳ್ಳುತ್ತಾ.

ಸುಳ್ಳು ಹೇಳುತ್ತಿರಲಿಲ್ಲ. ಅವಳು ಹೆದರಿದ್ದು ಅದಕ್ಕೇ. ಗೆರೆ ದಾಟುವವನಿಗೆ ಹೊಡೆದು ಕಲಿಸಬಹುದು, ತಾನು ದಾಟಿದೆ ಅಂತಲೇ ಗೊತ್ತಿಲ್ಲದವನಿಗೆ ಏನು ಮಾಡುವುದು? ಮೂರು ತಿಂಗಳು ಏಟು ಕೊಟ್ಟು ಕೂರಿಸಿದ ಭಯವನ್ನು ಆ ಫೋನು ಐದೈದು ಅಂಕ ಕೊಟ್ಟು ಕಿತ್ತುಹಾಕಿತ್ತು. ಆ ಸಂಜೆಯಿಂದ ಅವಳ ತಲೆಯಲ್ಲಿ ಬೇರೆ ಯೋಚನೆಯೇ ಉಳಿಯಲಿಲ್ಲ. ತನ್ನ ಕೆಲಸ ಹೋಗುತ್ತದೆ ಅನ್ನುವುದು ಆಗಲೇ ಖಾತ್ರಿಯಾಗಿತ್ತು, ಅದನ್ನು ಮರೆತೇಬಿಟ್ಟಳು. ಈ ಹುಡುಗನ ಕೈ ಹೋಗುತ್ತದೆ ಅನ್ನುವುದೊಂದೇ ಕಣ್ಣ ಮುಂದೆ ನಿಂತಿತು.

ಮಾರನೇ ದಿನ ಊಟದ ಹೊತ್ತಿನಲ್ಲಿ ಅವನು ಲ್ಯಾಬ್ ತೆರೆದು ಕೂತದ್ದನ್ನು ಕಂಡು ಮೈ ಉರಿದುಹೋಯಿತು. ಹೋದವಳೇ ಕೈಯಿಂದ ಫೋನು ಕಿತ್ತು ನೆಲಕ್ಕೆ ಅಪ್ಪಳಿಸಿ, ಅವನ ಕೆನ್ನೆಗೆ ಎರಡು ಬಾರಿಸಿದಳು. ಈ ಸಲ ಮುತ್ತು ಸುಮ್ಮನಿರಲಿಲ್ಲ. ಎರಡು ತಿಂಗಳ ಸಂಬಳ ಕೂಡಿಟ್ಟು ಕೊಂಡ ಫೋನು ಅದು. ಅವನು ತಳ್ಳಿದ ರಭಸಕ್ಕೆ ಅವಳು ಬೆಂಚಿನ ಮೂಲೆಗೆ ಬಿದ್ದು ತುಟಿ ಸೀಳಿ ಒಂದು ಹಲ್ಲು ಅಲ್ಲಾಡಿತು. ಎದ್ದು ಮತ್ತೆ ನುಗ್ಗಿದಳು. ನಾಲ್ಕು ಜನ ಸೇರಿ ಬಿಡಿಸಬೇಕಾಯಿತು. ಫೋನಿನ ಗಾಜು ಬಿರುಕು ಬಿಟ್ಟಿತ್ತು, ಆದರೆ ಸಾಯಲಿಲ್ಲ. ಬಿರುಕಿನ ಮೇಲೆಯೇ ಅವನು ಅಭ್ಯಾಸ ಮುಂದುವರಿಸಿದ.

ಸಿದ್ಧಾರ್ಥ್ ಅವಳನ್ನು ಕರೆಸಿ ಕೇಳಿದ. ತುಟಿಗೆ ಸೆರಗು ಒತ್ತಿಕೊಂಡು ಅವಳು ಕಬ್ಬಿನ ಗಾಡಿಯ ಸಂಗತಿ ಹೇಳಿದಳು. ಅವನು ಸಾವಧಾನವಾಗಿ ಕೇಳಿ ನಕ್ಕ.

"ಅಕ್ಕ, ಫೋನಲ್ಲಿ ಕೈ ಕಟ್ ಆಗಲ್ಲ. ಅದಕ್ಕೇ ತಾನೆ ಫೋನಲ್ಲಿ ಕಲಿಸೋದು?"

"ಫೋನಿನ್ಯಾಗ ಕಡಿಯಂಗಿಲ್ಲರಿ. ಆದರ ಅಲ್ಲಿ ಕಲತದ್ದು ಕೈಯಾಗ ಉಳಿತೈತಿ."

ಯಂತ್ರಕ್ಕೆ ಬಾಗಿಲಿದೆ, ಬಾಗಿಲು ತೆರೆದರೆ ಚಕ್ಕು ತಾನೇ ನಿಲ್ಲುತ್ತದೆ, ನೀವು ಸುಮ್ಮನೆ ಹೆದರುತ್ತೀರಿ ಅಂತ ಅವನು ತಿಳಿಹೇಳಿದ. ಅದು ನಿಜವೂ ಆಗಿತ್ತು. ಹೊಡೆದದ್ದಕ್ಕೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡ. ಸ್ಕೇಲನ್ನೂ ಇಸಿದುಕೊಂಡ.

ಆಷಾಢದಲ್ಲಿ ಯಂತ್ರಗಳು ಬಂದವು. ಪರೀಕ್ಷೆಯಲ್ಲಿ ಮುತ್ತುವೇ ಮೊದಲು. ದುರ್ಗವ್ವನಿಗೆ ಕೊನೆಯ ಪರೀಕ್ಷೆಗೆ ಕೂರುವ ಅವಕಾಶವೂ ಸಿಗಲಿಲ್ಲ. ಅವಳನ್ನು ಅದೇ ಶೆಡ್ಡಿನಲ್ಲಿ ಸುರುಳಿ ಗುಡಿಸುವ ಕೆಲಸಕ್ಕೆ ಹಾಕಿದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮೂರಡಿಯ ಕಬ್ಬಿಣದ ಕೊಕ್ಕೆ. ನಿಂತ ಯಂತ್ರದಿಂದ ಸುರುಳಿ ಎಳೆಯಲು ಅಂತ ಮಾಡಿಸಿದ್ದು. ಗುಡಿಸುವ ಕೆಲಸಕ್ಕೆ ಅವಳು ಬೇಸರಪಡಲಿಲ್ಲ. ಅಲ್ಲಿದ್ದರೆ ಮುತ್ತು ಕಣ್ಣಿಗೆ ಬೀಳುತ್ತಿದ್ದ, ಅಷ್ಟು ಸಾಕಾಗಿತ್ತು.

ಸೂಪರ್‌ವೈಸರ್ ವೆಂಕಟೇಶಪ್ಪ ನೆಲಮಂಗಲದ ಕಡೆಯವನು, ಗಂಟೆಗೆ ಇಷ್ಟು ಪೀಸು ಬರಲೇಬೇಕು ಅನ್ನುವ ಆಸಾಮಿ. ಬಾಗಿಲು ತೆರೆದಾಗಲೆಲ್ಲ ಯಂತ್ರ ನಿಲ್ಲುತ್ತಿದ್ದದ್ದು ಅವನ ಹೊಟ್ಟೆಗೆ ಬೆಂಕಿ ಹಾಕಿದ ಹಾಗಾಗಿತ್ತು. ಬಾಗಿಲಿನ ಸ್ವಿಚ್ಚಿಗೆ ಒಂದು ಲೋಹದ ಕೀಲಿ ಇರುತ್ತದೆ, ಬಾಗಿಲು ಮುಚ್ಚಿದಾಗ ಅದು ಸ್ವಿಚ್ಚಿನೊಳಗೆ ಹೋಗಿ ಕೂರುತ್ತದೆ. ವೆಂಕಟೇಶಪ್ಪ ಎಲ್ಲಿಂದಲೋ ಒಂದು ಬಿಡಿ ಕೀಲಿ ತಂದು ಸ್ವಿಚ್ಚಿನೊಳಗೆ ಶಾಶ್ವತವಾಗಿ ತುರುಕಿಬಿಟ್ಟ. ಈಗ ಬಾಗಿಲು ಹಾರುಹೊಡೆದಿದ್ದರೂ ಯಂತ್ರದ ಲೆಕ್ಕಕ್ಕೆ ಅದು ಮುಚ್ಚಿದ ಬಾಗಿಲು. ಮೊದಲ ಯಂತ್ರಕ್ಕೆ, ಅಂದರೆ ಮುತ್ತುವಿನ ಯಂತ್ರಕ್ಕೆ, ಮೊದಲು ಹಾಕಿದ. ದುರ್ಗವ್ವ ಅದನ್ನು ನೋಡಿ, ತೆಗೀರಿ ಅಂತ ಕೇಳಿಕೊಂಡಳು. ಗುಡಿಸೋಳು ಗುಡಿಸು ಅಂತ ಬೈಸಿಕೊಂಡಳು. ಮುತ್ತುವಿಗೂ ಹೇಳಿದಳು. ತುಟಿ ಸೀಳಿದ ದಿನದಿಂದ ಅವನು ಅವಳ ಜೊತೆ ಮಾತು ಬಿಟ್ಟಿದ್ದ. ಹಲ್ಲು ಕಡಿದುಕೊಂಡು ಮುಖ ತಿರುಗಿಸಿದ.

ಕೀಲಿ ಹಾಕಿದ ಮೂರನೇ ದಿನ, ಬೆಳಗಿನ ಹತ್ತೂವರೆ ಇರಬೇಕು. ಬಾಗಿಲು ತೆರೆದಿತ್ತು, ಚಕ್ಕು ನಿಮಿಷಕ್ಕೆ ಸಾವಿರದಿನ್ನೂರು ಸುತ್ತು ತಿರುಗುತ್ತಿತ್ತು. ಮುತ್ತು ಒಳಗೇ ನೋಡುತ್ತಾ ನಿಂತಿದ್ದ. ದುರ್ಗವ್ವ ಎರಡು ಹೆಜ್ಜೆ ಆಚೆ ಗುಡಿಸುತ್ತಿದ್ದಳು. ಒಂದು ಉದ್ದನೆಯ ಸುರುಳಿ ನೀಲಿಗೆ ಹೊಳೆಯುತ್ತಾ ಎದ್ದು, ತುಂಡಿಗೆ ಸುತ್ತಿಕೊಳ್ಳಲು ಬಾಗಿತು. ಅವಳು ಮುತ್ತುವಿನ ಮುಖ ನೋಡಿದಳು. ಕ್ಯಾಂಟೀನಿನಲ್ಲಿ ಫೋನಿನ ಮೇಲೆ ಬಗ್ಗಿದಾಗ ಇರುತ್ತಿದ್ದ ಮುಖವೇ. ತೋರುಬೆರಳು ಎದ್ದಿತು.

ಕೂಗಿದರೆ ಆ ಸದ್ದಿನಲ್ಲಿ ಕೇಳಿಸುವ ಹಾಗಿರಲಿಲ್ಲ. ಓಡಿ ಹೋಗಿ ಎಳೆಯಲು ಹೊತ್ತಿರಲಿಲ್ಲ. ಕೊಕ್ಕೆ ಎತ್ತಿದಳು, ಎರಡೂ ಕೈಯಲ್ಲಿ ಹಿಡಿದು, ಮೈಯಲ್ಲಿದ್ದ ಅಷ್ಟೂ ಬಲ ಹಾಕಿ ಅವನ ಮುಂಗೈ ಮೇಲೆ ಹೊಡೆದಳು. ಮೂಳೆ ಮುರಿದ ಸದ್ದು ಅವಳಿಗೆ ಕೈಯಲ್ಲೇ ಗೊತ್ತಾಯಿತು. ಮುತ್ತು ಹಿಂದಕ್ಕೆ ಬಿದ್ದು ನೆಲದ ಮೇಲೆ ಒದ್ದಾಡಿದ. ಮುಂಗೈ ನಡುವಿನಲ್ಲಿ ಬಾಗಿ, ಚರ್ಮ ಹರಿದು ಬಿಳಿಯ ಮೂಳೆಯ ತುದಿ ಹೊರಗೆ ಕಾಣುತ್ತಿತ್ತು. ರಕ್ತ ಸುರುಳಿಗಳ ರಾಶಿಗೆ ಹರಿಯಿತು.

ಜನ ಕಂಡದ್ದು ಇಷ್ಟೇ: ಎಚ್ಚರಿಕೆ ಪತ್ರ ಪಡೆದವಳು, ಪರೀಕ್ಷೆಯಲ್ಲಿ ಫೇಲಾದವಳು, ಪಾಸಾದ ಹುಡುಗನ ಕೈಯನ್ನು ಹಿಂದಿನಿಂದ ಬಂದು ಮುರಿದಳು. ಮೇಲೆ ಬಿದ್ದರು. ವೆಂಕಟೇಶಪ್ಪ ಬೂಟುಗಾಲಲ್ಲಿ ಪಕ್ಕೆಗೆ ಒದ್ದ. ಅಮರಪ್ಪ, ಅವಳ ಹತ್ತಿರ ಏಳನೆಯವನಾಗಿ ಕಲಿತವನು, ಅವಳ ಕುತ್ತಿಗೆ ಮೇಲೆ ಮೊಣಕಾಲೂರಿ ಕೂತ. ಅವಳು ಉಳಿಸಿಕೊಟ್ಟ ಹತ್ತೂ ಬೆರಳಿನಿಂದ ಅವಳ ಕೂದಲು ಹಿಡಿದು ನೆಲಕ್ಕೆ ಕುಕ್ಕಿದ. ಅವಳು ತಿರುಗಿ ಬೀಳಲಿಲ್ಲ. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಮುತ್ತುವಿನ ಬಲಗೈ ಬೆರಳುಗಳನ್ನೇ ನೋಡುತ್ತಿದ್ದಳು. ಐದೂ ಇದ್ದವು. ಇಬ್ಬರನ್ನೂ ಕರೆದೊಯ್ದ ಆಸ್ಪತ್ರೆಯ ಬಾಗಿಲಲ್ಲಿ ಮಹಾದೇವಿ, ತಾನು ಬಸುರಿ ಅನ್ನುವುದನ್ನೂ ಮರೆತು, ದುರ್ಗವ್ವನ ಜಡೆ ಹಿಡಿದು ಎಳೆದಾಡಿ ಮುಖಕ್ಕೆ ಉಗುಳಿದಳು.

ಪೊಲೀಸರನ್ನು ಕರೆಸಬೇಕು ಅಂತ ಒಂದಿಬ್ಬರು ಕೂಗಾಡಿದರು. ವೆಂಕಟೇಶಪ್ಪನಿಗೆ ಅದು ಬೇಡವಾಗಿತ್ತು. ಪೊಲೀಸರು ಬಂದರೆ ಯಂತ್ರ ನೋಡುತ್ತಾರೆ, ಯಂತ್ರ ನೋಡಿದರೆ ಕೀಲಿ ಕಾಣುತ್ತದೆ. ಹಾಗಾಗಿ ಒಳಗೇ ವಿಚಾರಣೆ ಅಂತಾಯಿತು. ಹನ್ನೆರಡು ದಿನದ ಮೇಲೆ ಸಿದ್ಧಾರ್ಥನ ಕೋಣೆಯಲ್ಲಿ ಕೂರಿಸಿದರು. ಮೇಜಿನ ಆಚೆ ಸಿದ್ಧಾರ್ಥ್ ಮತ್ತು ವೆಂಕಟೇಶಪ್ಪ. ಈಚೆ ದುರ್ಗವ್ವ, ಹುಬ್ಬಿನ ಮೇಲೆ ಆರು ಹೊಲಿಗೆ. ಪಕ್ಕದ ಕುರ್ಚಿಯಲ್ಲಿ ಮುತ್ತು, ಬಲಗೈ ಹೆಗಲಿನವರೆಗೆ ಕಟ್ಟು, ಒಳಗೆ ಸರಳು ಹಾಕಿದ್ದರು. ಶೆಡ್ಡಿನ ಗೋಡೆಯ ಕ್ಯಾಮೆರಾದಲ್ಲಿ ಅವನ ಬೆನ್ನು ಮತ್ತು ಅವಳ ಏಟು ಮಾತ್ರ ಸಿಕ್ಕಿತ್ತು.

ನಿನ್ನ ಕೈ ಒಳಗೆ ಹೋಗಿತ್ತಾ ಅಂತ ಸಿದ್ಧಾರ್ಥ್ ಕೇಳಿದ. ಇಲ್ಲ ಸಾರ್, ಸುಮ್ಮನೆ ನಿಂತಿದ್ದೆ ಅಂದ ಮುತ್ತು. ಕಬ್ಬಿನ ಗಾಡಿ ಹತ್ತಿರ ಹೇಳಿದ ಮಾತೇ, ಅಷ್ಟೇ ಪ್ರಾಮಾಣಿಕವಾಗಿ. ದುರ್ಗವ್ವನಿಗೆ ನಗು ಬಂತು, ಪಕ್ಕೆ ನೋವಿಗೆ ನಗಲಾಗಲಿಲ್ಲ.

"ಸಾಹೇಬ್ರ, ಒಂದ ಮಾತು. ಅವನ ಕೈಯಾಗ ಫೋನ್ ಕೊಡ್ರಿ. ಎಡಗೈಲಿ ಒಂದ್ಸಲ ಲ್ಯಾಬ್ ಮಾಡಲಿ. ಆಮ್ಯಾಲ ನನ್ನ ಕೊಂದರೂ ಚಿಂತಿಲ್ಲ."

ವೆಂಕಟೇಶಪ್ಪ ಇದೆಲ್ಲ ನಾಟಕ ಅಂದ. ಸಿದ್ಧಾರ್ಥ್ ಒಂದು ಕ್ಷಣ ಯೋಚಿಸಿ ತನ್ನದೇ ಫೋನಿನಲ್ಲಿ ಲ್ಯಾಬ್ ತೆರೆದು ಮೇಜಿನ ಮೇಲಿಟ್ಟ. ಮುತ್ತು ಬೇಸರದಿಂದಲೇ ಬಗ್ಗಿದ. ಬಣ್ಣದ ಚಕ್ಕು ತಿರುಗಿತು, ಉಳಿ ಮುಂದೆ ಬಂತು, ಸುರುಳಿ ಎದ್ದಿತು. ಅವನ ಎಡಗೈ ತೋರುಬೆರಳು ಹೋಗಿ ಸವರಿತು. ಠಿಣ್ ಅಂತು. ಇನ್ನೊಂದು ಸುರುಳಿ, ಮತ್ತೆ ಬೆರಳು, ಮತ್ತೆ ಠಿಣ್. ಮೂರನೆಯದಕ್ಕೆ ಬೆರಳು ತಿರುಗುವ ಚಕ್ಕಿನ ಮೇಲೆಯೇ ನಿಂತುಹೋಯಿತು. ಮುತ್ತು ಆ ಬೆರಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿದ. ಬಾಯಿಗೆ ಕೈ ಅಡ್ಡ ಹಿಡಿದು ಎದ್ದು, ಮೂಲೆಯ ಕಸದ ಬುಟ್ಟಿಗೆ ಬೆಳಗ್ಗೆ ತಿಂದದ್ದನ್ನೆಲ್ಲ ವಾಂತಿ ಮಾಡಿದ.

ಸಿದ್ಧಾರ್ಥನಿಗೆ ಅರ್ಥವಾಗಿತ್ತು, ಅವನ ಕಣ್ಣೇ ಹೇಳುತ್ತಿತ್ತು. ಆದರೆ ಕೈ ಒಳಗೆ ಹೋಗಿತ್ತು ಅಂತ ಬರೆದರೆ, ಹೋಗಲು ಬಾಗಿಲು ಹೇಗೆ ತೆರೆದಿತ್ತು ಅಂತಲೂ ಬರೆಯಬೇಕು. ವೆಂಕಟೇಶಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಮುತ್ತುವಿನ ಭುಜ ತಟ್ಟಿ, ಕೈ ವಾಸಿಯಾದ ಮೇಲೆ ನಿನ್ನ ಯಂತ್ರ ನಿನಗೇ, ಇಲ್ಲಿ ಒಂದು ಸಹಿ ಹಾಕು ಅಂದ. ಕೈ ಒಳಗೆ ಹೋಗಿರಲಿಲ್ಲ ಅಂತ ಟೈಪು ಮಾಡಿದ ಕಾಗದ ಅದು, ಮೊದಲೇ ತಯಾರಿತ್ತು. ಮುತ್ತು ದುರ್ಗವ್ವನ ಕಡೆ ನೋಡಲಿಲ್ಲ. ಎಡಗೈಯಲ್ಲಿ, ಸೊಟ್ಟಸೊಟ್ಟಗೆ, ಸಹಿ ಹಾಕಿದ. ಸ್ವಲ್ಪ ಹೊತ್ತಿನ ಹಿಂದೆ ಹೇಳಿದ್ದು ತಿಳಿಯದೆ ಹೇಳಿದ್ದು, ಈಗ ಬರೆದದ್ದು ತಿಳಿದೇ ಬರೆದದ್ದು.

ಆ ಕ್ಷಣ ಅವಳಿಗೆ ಅವನ ಇನ್ನೊಂದು ಕೈಯನ್ನೂ ಮುರಿಯಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಬೇಕು, ನಿಜಕ್ಕೂ ಹಾಗೇ ಅನ್ನಿಸಿತು. ತನ್ನ ವಜಾ ಪತ್ರಕ್ಕೆ ಸಹಿ ಹಾಕಿ ಎದ್ದು, ಬಾಗಿಲ ಹತ್ತಿರ ತಿರುಗಿ ಅವನಿಗೆ ಒಂದೇ ಮಾತು ಹೇಳಿದಳು.

"ಆ ಕೀಲಿ ಕಿತ್ತ ಹೊರತು ಮಷೀನ್ ಮುಟ್ಟಬ್ಯಾಡ. ನಾ ಇನ್ನ ಅಲ್ಲಿ ಇರಂಗಿಲ್ಲ."

ಆಮೇಲೆ ನೆಲಗದರನಹಳ್ಳಿಯಲ್ಲಿ ಬಾಟಲಿ ಮುಚ್ಚಳ ಮಾಡುವ ಶೆಡ್ಡಿನಲ್ಲಿ ಮುಚ್ಚಳ ಆರಿಸುವ ಕೆಲಸ ಸಿಕ್ಕಿತು. ಕೂತು ಮಾಡುವ ಕೆಲಸ, ಯಾರಿಗೂ ಏನೂ ಕಲಿಸಬೇಕಾಗಿರಲಿಲ್ಲ. ಮುತ್ತುವಿನ ಸುದ್ದಿ ಯಾರನ್ನೂ ಕೇಳಲಿಲ್ಲ. ಆದರೆ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದಾದರೆ ಮುಚ್ಚಳ ಹಿಡಿದ ಕೈ ನಿಂತುಬಿಡುತ್ತಿತ್ತು. ಕಟ್ಟು ಬಿಚ್ಚುವ ದಿನ ಯಾವಾಗ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಆ ದಿನ ಬಂದು ಹೋದ ಮೇಲೆ ಊಟ ಸೇರುವುದು ನಿಂತಿತು.

ಅದಾಗಿ ಮೂರನೇ ಭಾನುವಾರ ಬೆಳಗ್ಗೆ ವಠಾರದ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಮಹಾದೇವಿ ತುಂಬಿದ ಹೊಟ್ಟೆ ಹೊತ್ತು, ಏದುಸಿರು ಬಿಡುತ್ತಾ ಗೇಟು ತಳ್ಳಿಕೊಂಡು ಬಂದಳು. ಬಂದವಳೇ ಬಕೆಟ್ಟಿಗೆ ಒದ್ದಳು. ಒದ್ದೆ ಬಟ್ಟೆಯನ್ನೇ ಎತ್ತಿ ದುರ್ಗವ್ವನ ಮುಖಕ್ಕೆ ಬಾರಿಸಿದಳು, ಹೊಲಿಗೆ ಹಾಕಿದ ಹುಬ್ಬು ಮತ್ತೆ ಒಡೆಯಿತು. ಬಾಯಿಗೆ ಬಂದ ಹಾಗೆ ಬೈಯುತ್ತಾ, ನಡುನಡುವೆ ಅಳುತ್ತಾ ಹೇಳಿದ್ದು ಇಷ್ಟು. ಮುತ್ತು ನಿನ್ನೆ ಮತ್ತೆ ಕೆಲಸಕ್ಕೆ ಹೋದ. ಹೋದವನೇ ಗರಗಸದ ಬ್ಲೇಡಿನಿಂದ ಮೀಟಿ ಸ್ವಿಚ್ಚಿನಲ್ಲಿದ್ದ ಕೀಲಿ ಕಿತ್ತ. ವೆಂಕಟೇಶಪ್ಪ ಅದನ್ನು ತಿರುಗಿ ಹಾಕು ಅಂದ, ಇವನು ಒಲ್ಲೆ ಅಂದ. ಅವನು ಕುತ್ತಿಗೆಪಟ್ಟಿ ಹಿಡಿದು ತಳ್ಳಿದ. ಇವನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಬಾಯಿಗೆ ಗುದ್ದಿದ, ಎರಡು ಹಲ್ಲು ಉದುರಿದವು. ಸೆಕ್ಯೂರಿಟಿಯವರು ಸೇರಿ ಇವನನ್ನು ಸಾಯ ಹೊಡೆದರು. ಪಕ್ಕೆಲುಬು ಬಿರಿದಿದೆ, ಒಂದು ಕಣ್ಣು ಪೂರ್ತಿ ಊದಿ ಮುಚ್ಚಿದೆ, ಕೆಲಸ ಹೋಯಿತು. ಹೆರಿಗೆಗೆ ಇನ್ನು ಇಪ್ಪತ್ತು ದಿನವೂ ಇಲ್ಲ.

"ನಿನ್ನ ಚಾಳಿ ಅವಂಗ ಹತ್ತೇತಿ," ಅಂದಳು ಮಹಾದೇವಿ. "ನಮ್ಮ ಮನಿ ಹಾಳ ಮಾಡಿದಿ ನೀ."

ಹುಬ್ಬಿನಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ದುರ್ಗವ್ವ ಅದನ್ನು ಒರೆಸಿಕೊಳ್ಳಲಿಲ್ಲ.

"ಕೈ?" ಅಂದಳು.

ಮಹಾದೇವಿಗೆ ಅರ್ಥವಾಗಲಿಲ್ಲ. ಪಕ್ಕೆಲುಬು ಅಂದೆನಲ್ಲ, ಕೈಯ ಮಾತೆಲ್ಲಿಂದ ಬಂತು ಅಂದಳು. ದುರ್ಗವ್ವ ಒದ್ದೆ ಕೈಯಲ್ಲೇ ಅವಳ ರಟ್ಟೆ ಗಟ್ಟಿಯಾಗಿ ಹಿಡಿದಳು.

"ಅವನ ಕೈ ಬೇ. ಬೆರಳು. ಹತ್ತೂ ಅದಾವ?"

"ಅದಾವ," ಅಂದಳು ಮಹಾದೇವಿ. "ಹತ್ತೂ ಅದಾವ."

ದುರ್ಗವ್ವ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಬೆರಳು ಹೋದಾಗ ಅಳದವಳು, ಗಂಡ ಬಿಟ್ಟುಹೋದಾಗ ಕಣ್ಣೊರೆಸಿಕೊಂಡು ಎದ್ದವಳು, ಇಡೀ ವಠಾರ ಬಾಗಿಲಿಗೆ ಬಂದು ನೋಡುವ ಹಾಗೆ ಬೋರಾಡಿ ಅತ್ತಳು. ಮಹಾದೇವಿ ಇನ್ನೊಂದು ಏಟಿಗೆಂದು ಎತ್ತಿದ್ದ ಒದ್ದೆ ಬಟ್ಟೆಯನ್ನು ನೆಲಕ್ಕೆ ಹಾಕಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.